ಮಾರ್ಚ್‌ನಲ್ಲೇ ಲಾನ್ ಹಳದಿ: ನೀರೆಷ್ಟು, ಗೊಬ್ಬರ ಯಾವಾಗ? (ದಾವಣಗೆರೆ, ಚಿತ್ರದುರ್ಗ ಕಡೆಯವರು ಹೇಳಿ)

ವಿದ್ಯಾನಗರ_ಅಂಗಳ
ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಕರಿಮಣ್ಣು. ಮನೆ ಮುಂದೆ 20×30 ಅಡಿ ಲಾನ್, ಹೈಬ್ರಿಡ್ ಗರಿಕೆ, ಹಾಕಿ 3 ವರ್ಷ. ಶಿವರಾತ್ರಿ ಆದಮೇಲೆ ಹಳದಿಗೆ ತಿರುಗುತ್ತಿದೆ. ಗೇಟಿನ ಹತ್ತಿರ ಎರಡು ಕಡೆ ಪೂರ್ತಿ ಒಣಗಿದ ಮಚ್ಚೆ. ದಿನಾ ಸಂಜೆ ಪೈಪ್ ಹಿಡಿದು 10 ನಿಮಿಷ ಬೋರ್ ನೀರು ಬಿಡುತ್ತಿದ್ದೇವೆ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ 2 ಕೆ.ಜಿ. ಯೂರಿಯಾ ಎರಚಿ ಅಂದರು. ಎರಚಬಹುದಾ?

ಕರಿಮಣ್ಣು
ಬೇಡ ಸರ್, ಯೂರಿಯಾ ಚೀಲ ಸದ್ಯಕ್ಕೆ ಬಿಚ್ಚಬೇಡ್ರಿ. ನಿಮ್ಮದು 600 ಚದರಡಿ, ಅಂದರೆ ಸುಮಾರು 56 ಚದರ ಮೀಟರ್. ಅಷ್ಟಕ್ಕೆ 2 ಕೆ.ಜಿ. ಎರಚಿದರೆ ಮೀಟರಿಗೆ 35 ಗ್ರಾಂ ದಾಟುತ್ತೆ. ಈ ಬಿಸಿಲಿಗೆ ಚದರ ಮೀಟರಿಗೆ 5 ಗ್ರಾಂ ಧಾರಾಳ ಆಯ್ತು. ಏಳು ಪಟ್ಟು ಬಿದ್ದರೆ ಹುಲ್ಲು ಸುಡುತ್ತೆ.

ಮೊದಲು ಹಳದಿ ಎಲ್ಲಿಂದ ಶುರುವಾಗಿದೆ ಅಂತ ನೋಡ್ರಿ. ಒಂದು ಕುಡಿ ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಬುಡದ ಹಳೇ ಎಲೆ ಪೂರ್ತಿ ಹಳದಿಯಾಗಿ ಮೇಲಿನ ಎಳೆ ಎಲೆ ಹಸಿರಿದ್ದರೆ ಸಾರಜನಕ ಕಮ್ಮಿ. ಎಳೆ ಎಲೆಯೇ ಹಳದಿಯಾಗಿ, ಅದರಲ್ಲಿ ಉದ್ದುದ್ದ ನರ ಮಾತ್ರ ಹಸಿರು ಗೆರೆ ಹಾಗೆ ಕಂಡರೆ ಕಬ್ಬಿಣದ ಕೊರತೆ. ನಮ್ಮ ಕರಿಮಣ್ಣಿನ ರಸಸಾರ (pH, ಹುಳಿ-ಕ್ಷಾರದ ಅಳತೆ) 8ರ ಮೇಲಿರೋದೇ ಹೆಚ್ಚು. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಅಲ್ಲಿಗೆ ಯೂರಿಯಾ ಹಾಕಿದರೆ ಬೆಳವಣಿಗೆ ಜೋರಾಗಿ ಹಳದಿ ಇನ್ನೂ ಹೆಚ್ಚಾಗುತ್ತೆ.

ಒಣ ಮಚ್ಚೆಗೆ ಬೇರೆ ಪರೀಕ್ಷೆ. ಅಂಚಿನ ಹುಲ್ಲನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಚಾಪೆ ಸುತ್ತಿದ ಹಾಗೆ ಎದ್ದು ಬಂದರೆ ಬೇರು ಯಾವುದೋ ತಿಂದಿದೆ. ಗಟ್ಟಿಯಾಗಿ ನಿಂತರೆ ಬೇರಿದೆ, ನೀರು ಇಳಿದಿಲ್ಲ. ಆಮೇಲೆ ಅದೇ ಜಾಗದಲ್ಲಿ ಒಂದು ಉದ್ದ ಸ್ಕ್ರೂಡ್ರೈವರ್ ಚುಚ್ಚಿ. ಎರಡು ಇಂಚಿಗೇ ಟಣ್ ಅಂದರೆ ಕೆಳಗೆ ಮನೆ ಕಟ್ಟುವಾಗಿನ ಇಟ್ಟಿಗೆ ಚೂರು, ಜಲ್ಲಿ, ಕಾಂಕ್ರೀಟು ಹೂತಿದೆ ಅಂತ ತಿಳಿಯಿರಿ. ಪ್ರತಿ ಬೇಸಿಗೆ ಅದೇ ಜಾಗ ಒಣಗುವುದಕ್ಕೆ ಮುಕ್ಕಾಲು ಪಾಲು ಇದೇ ಕಾರಣ.

ಬೋರ್ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರೋ ಉಪ್ಪಿನ ಅಳತೆ ಎಷ್ಟು? ಲಾನ್ ನಲ್ಲಿಗೆ ಬರೋದು ಸಾಫ್ಟ್‌ನರ್ ಆದಮೇಲಿನ ನೀರೋ, ಮೊದಲಿನದೋ?

ವಿದ್ಯಾನಗರ_ಅಂಗಳ
ನೋಡಿದೆ ಸರ್. ಎಳೆ ಎಲೆಯೇ ಹಳದಿ, ನರ ಹಸಿರು. ಗೇಟಿನ ಹತ್ತಿರ ಸ್ಕ್ರೂಡ್ರೈವರ್ ಒಂದೂವರೆ ಇಂಚಿಗೆ ನಿಂತುಬಿಡ್ತು. ಟಿಡಿಎಸ್ 1,100. ನಲ್ಲಿ ಸಾಫ್ಟ್‌ನರ್ ಆದಮೇಲಿನದು.

ನೀರಿನಲೆಕ್ಕ
ಮೊದಲು ಆ ನಲ್ಲಿ ಬದಲಿಸಿ. ಸಾಫ್ಟ್‌ನರ್ ಮಾಡುವ ಕೆಲಸ ಇಷ್ಟೇ: ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ. ಬಕೆಟ್ಟಿಗೆ ಕಲೆ ಕಟ್ಟುವುದಿಲ್ಲ, ಸೋಪು ನೊರೆ ಬರುತ್ತದೆ, ಸರಿ. ಆದರೆ ಸೋಡಿಯಂ ಕರಿಮಣ್ಣಿಗೆ ವಿಷ. ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿಕೊಳ್ಳುತ್ತವೆ, ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಟಿಡಿಎಸ್ ಮೀಟರಿನಲ್ಲಿ ಎರಡೂ ನೀರು ಹೆಚ್ಚುಕಡಿಮೆ ಒಂದೇ ಅಂಕೆ ತೋರಿಸುವುದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲಂಬರ್ ಕರೆಸಿ ಸಾಫ್ಟ್‌ನರಿಗೆ ಮೊದಲೇ ಒಂದು ‘ಟೀ’ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿಸಿ ಲಾನಿಗೆ ಬೇರೆ ಲೈನ್ ಎಳೆಸಿ. ಗಡಸು ನೀರೇ ಹುಲ್ಲಿಗೆ ವಾಸಿ.

1,100 ಟಿಡಿಎಸ್‌ಗೆ ಹೆದರಬೇಕಿಲ್ಲ. 450ರ ಒಳಗಿದ್ದರೆ ಯಾವ ಗಿಡಕ್ಕೂ ತೊಂದರೆಯಿಲ್ಲ, 2,000 ದಾಟಿದರೆ ಕಷ್ಟ, ನಡುವಿನದು ಎಚ್ಚರದಿಂದ ಬಳಸುವ ನೀರು. ಗರಿಕೆ ಉಪ್ಪು ತಾಳುವ ಹುಲ್ಲುಗಳಲ್ಲಿ ಮುಂದಿನದು. ತಿಂಗಳಿಗೊಮ್ಮೆ ಒಂದು ಸರದಿಯಲ್ಲಿ ಮಾಮೂಲಿಗಿಂತ ದುಪ್ಪಟ್ಟು ನೀರು ಕೊಟ್ಟರೆ ಮೇಲೆ ಕೂತ ಉಪ್ಪು ಬೇರಿನ ಕೆಳಕ್ಕೆ ಇಳಿಯುತ್ತದೆ. ಎ.ಸಿ.ಯಿಂದ ಸೋರುವ ನೀರಿನಲ್ಲಿ ಉಪ್ಪೇ ಇರುವುದಿಲ್ಲ, ಬಕೆಟ್ ಇಟ್ಟು ಹಿಡಿಯಿರಿ. ಆರ್‌ಒ ಯಂತ್ರ ಹೊರಹಾಕುವ ನೀರು ಮಾತ್ರ ಬೇಡ, ಅದರಲ್ಲಿ ಮೂಲ ನೀರಿಗಿಂತ ಹೆಚ್ಚು ಉಪ್ಪು ಸೇರಿರುತ್ತದೆ.

ಇನ್ನು ಅಳತೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಬಿದ್ದರೆ ಅದು 1 ಮಿಲಿಮೀಟರ್ ಮಳೆಗೆ ಸಮ. ನಿಮ್ಮ ಲಾನಿಗೆ 1 ಮಿ.ಮೀ. ಅಂದರೆ 56 ಲೀಟರ್. ಮಾರ್ಚ್‌ನಲ್ಲಿ ಗರಿಕೆಗೆ ವಾರಕ್ಕೆ ಸುಮಾರು 25 ಮಿ.ಮೀ. ಬೇಕು, 1,400 ಲೀಟರ್. ಏಪ್ರಿಲ್ ನಡುವಿಗೆ 30ರ ತನಕ ಹೋಗುತ್ತದೆ. ಪೈಪಿನ ಲೆಕ್ಕಕ್ಕೆ 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ. 40 ಸೆಕೆಂಡ್ ಆದರೆ ನಿಮಿಷಕ್ಕೆ 15 ಲೀಟರ್. ಹಾಗಿದ್ದರೆ ನೀವು ದಿನಾ ಬಿಡುವ 10 ನಿಮಿಷದ ನೀರು 150 ಲೀಟರ್, ಅಂದರೆ 2.7 ಮಿ.ಮೀ. ಮೇಲಿನ ಒಂದು ಬೆರಳು ಮಣ್ಣು ತೋಯುತ್ತದೆ, ಮರುದಿನ ಮಧ್ಯಾಹ್ನಕ್ಕೆ ಆವಿ. ವಾರದ ಮೊತ್ತ 19 ಮಿ.ಮೀ. ಆದರೂ ಬೇರಿಗೆ ದಕ್ಕುವುದು ಸ್ವಲ್ಪ. ಬೇರು ಕೆಳಗೆ ಹೋಗುವ ಅಗತ್ಯವೇ ಬೀಳುವುದಿಲ್ಲ, ಏಪ್ರಿಲ್‌ನಲ್ಲಿ ಎರಡು ದಿನ ನೀರು ತಪ್ಪಿದರೆ ಹುಲ್ಲು ಮಲಗುತ್ತದೆ.

ವಾರಕ್ಕೆ ಎರಡೇ ಸಲ ಕೊಡಿ, ಬೆಳಿಗ್ಗೆ 5ರಿಂದ ಏಳೂವರೆಯೊಳಗೆ, ಸಲಕ್ಕೆ 12 ಮಿ.ಮೀ. ಆದರೆ ಕರಿಮಣ್ಣು ಒಂದೇ ಸಲಕ್ಕೆ ಅಷ್ಟು ಕುಡಿಯುವುದಿಲ್ಲ. 15 ನಿಮಿಷ ಇಡೀ ಲಾನಿಗೆ ಸುತ್ತಿ ಬಿಡಿ, ಮುಕ್ಕಾಲು ಗಂಟೆ ಬಿಡುವು, ಮತ್ತೆ 15 ನಿಮಿಷ, ಮತ್ತೆ ಬಿಡುವು, ಕೊನೆಗೆ ಇನ್ನೊಮ್ಮೆ. ನೀರು ನಿಂತು ರಸ್ತೆಗೆ ಹರಿಯತೊಡಗಿದರೆ ಆ ಸುತ್ತು ಅಲ್ಲಿಗೆ ಸಾಕು.

ಕರಿಮಣ್ಣು
ಲೆಕ್ಕ ಸರಿ ಇದೆ. ಒಂದು ಸೇರಿಸ್ತೀನಿ. ಕರಿಮಣ್ಣು ಈಗಾಗಲೇ ಬಿರುಕು ಬಿಟ್ಟಿದ್ದರೆ ನೀರು ಬಿರುಕಿನೊಳಗೇ ಇಳಿದು ಹೋಗುತ್ತೆ, ಅಕ್ಕಪಕ್ಕದ ಮಣ್ಣು ಒಣಗೇ ಇರುತ್ತೆ. ಜರಡಿ ಹಿಡಿದ ಮಣ್ಣು ಮತ್ತು ಕಾಂಪೋಸ್ಟ್ ಸಮ ಸಮ ಬೆರೆಸಿ ಬಿರುಕಿಗೆ ತುಂಬಿ, ಆಮೇಲೆ ನೀರು. ಕೆಳಗಿನ ಪದರ ಪೂರ್ತಿ ಒಣಗಿದ್ದರೆ ಮೊದಲ ವಾರ 12 ಮಿ.ಮೀ. ಸಾಲದು. ಎರಡು ದಿನ ಸತತ ಕೊಟ್ಟು ಸ್ಕ್ರೂಡ್ರೈವರ್ ಅರ್ಧ ಅಡಿ ಸಲೀಸಾಗಿ ಇಳಿಯೋ ಹಾಗೆ ಮಾಡಿಕೊಂಡು, ನಂತರ ವಾರಕ್ಕೆರಡರ ಸರದಿ ಹಿಡಿಯಿರಿ.

ಕೋಟೆನಾಡು
ಚಿತ್ರದುರ್ಗದವರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಇಲ್ಲಿ ಬಹಳ ಬಡಾವಣೆಗಳಲ್ಲಿ ಗರಸು ಬೆರೆತ ಕೆಂಪು ಮಣ್ಣು, ಅರ್ಧ ಮೊಳ ಅಗೆದರೆ ಬಂಡೆ ಅಥವಾ ನುರುಜುಗಲ್ಲು. ನೀರು ಕುಡಿಯುವುದೂ ಬೇಗ, ಬಿಡುವುದೂ ಬೇಗ. ಒಂದೇ ಸಲ 12 ಮಿ.ಮೀ. ಕೊಟ್ಟರೆ ಕೆಳಕ್ಕೆ ಸೋರಿ ಹೋಗುತ್ತದೆ. ವಾರದ ಅದೇ 25 ಮಿ.ಮೀ.ಯನ್ನು ಮೂರು ಪಾಲು ಮಾಡಿ, ಸಲಕ್ಕೆ 8. ಬಿಡುವು ಕೊಟ್ಟು ಸುತ್ತುವ ಅಗತ್ಯ ಇಲ್ಲ.

ಗಾಳಿಯದ್ದೂ ಒಂದು ವಿಚಾರ. ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಸ್ಪ್ರಿಂಕ್ಲರ್ ನೀರು ಅರ್ಧ ಪಕ್ಕದ ಮನೆ ಗೋಡೆಗೆ ಬೀಳುತ್ತದೆ. ನೆಟ್ಟಗೆ ನಿಂತ ಅಂಚಿನ ನಾಲ್ಕೈದು ಪ್ಲಾಸ್ಟಿಕ್ ಡಬ್ಬಿಗಳನ್ನು ಲಾನ್ ಮೇಲೆ ಅಲ್ಲಲ್ಲಿ ಇಟ್ಟು 20 ನಿಮಿಷ ಸ್ಪ್ರಿಂಕ್ಲರ್ ಬಿಡಿ, ಆಮೇಲೆ ಮಕ್ಕಳ ಸ್ಕೇಲ್ ಅದ್ದಿ ಅಳೆಯಿರಿ. ಒಂದು ಡಬ್ಬಿಯಲ್ಲಿ 7, ಇನ್ನೊಂದರಲ್ಲಿ 2 ಮಿ.ಮೀ. ಇದ್ದರೆ 2 ಇರುವ ಕಡೆ ಹಳದಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಒಂದು ಡಬ್ಬಿಯನ್ನು ಹಾಗೇ ಬಿಟ್ಟಿರಿ. ರೇವತಿ, ಅಶ್ವಿನಿ ಮಳೆ ಹನಿದರೆ ಎಷ್ಟು ಬಿತ್ತು ಅಂತ ಅದೇ ಹೇಳುತ್ತದೆ, ಆ ವಾರ ಅಷ್ಟು ಕಳೆದು ನೀರು ಕೊಡಬಹುದು.

ವಿದ್ಯಾನಗರ_ಅಂಗಳ
ತುಂಬಾ ಉಪಕಾರ. ಕಬ್ಬಿಣದ ಕೊರತೆಗೆ ಏನು ಹಾಕಲಿ? ಗೋಡೆ ಪಕ್ಕದ ಟೈಲ್ಸ್ ಹಾಳಾಗುತ್ತೆ ಅಂತ ಯಾರೋ ಹೆದರಿಸಿದರು.

ಹಸಿರುಗೆರೆ
ಅಕ್ಕಪಕ್ಕದ ಟೈಲ್ಸ್, ಸಿಮೆಂಟ್ ಮೇಲೆ ಬಿದ್ದರೆ ತುಕ್ಕಿನ ಕಲೆ ಖಂಡಿತ, ಅದು ಸುಲಭಕ್ಕೆ ಹೋಗುವುದಿಲ್ಲ. ಅಂಚಿಗೆ ಹಳೇ ರಟ್ಟು ಅಡ್ಡ ಹಿಡಿದು ಸಿಂಪಡಿಸಿ.

ಬೇಕಾದದ್ದು ಫೆರಸ್ ಸಲ್ಫೇಟ್, ಗ್ರಂಥಿಗೆ ಅಂಗಡಿಯಲ್ಲಿ ಅನ್ನಭೇದಿ ಅಂತ ಸಿಗುತ್ತದೆ. ತಿಳಿ ಹಸಿರು ಹರಳು ಇರಬೇಕು, ಕಂದು ಪುಡಿಯಾಗಿದ್ದರೆ ಕೊಳ್ಳಬೇಡಿ. 56 ಚದರ ಮೀಟರಿಗೆ 6 ಲೀಟರ್ ದ್ರಾವಣ ಸಾಕು. ಮೊದಲು 6 ಗ್ರಾಂ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ನೀರಿನಲ್ಲಿ ಕರಗಿಸಿ, ಆಮೇಲೆ 30 ಗ್ರಾಂ ಅನ್ನಭೇದಿ. ಈ ಕ್ರಮ ತಪ್ಪಿಸಬೇಡಿ: ಗಡಸು, ಕ್ಷಾರದ ಬೋರ್ ನೀರಿಗೆ ನೇರವಾಗಿ ಅನ್ನಭೇದಿ ಹಾಕಿದರೆ ಐದೇ ನಿಮಿಷಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗಿ ತಳ ಸೇರುತ್ತದೆ, ಎಲೆಗೆ ಏನೂ ಸಿಗದು. ಎ.ಸಿ. ನೀರಿದ್ದರೆ ಇನ್ನೂ ಒಳ್ಳೆಯದು. ಸಂಜೆ ಬಿಸಿಲು ಇಳಿದ ಮೇಲೆ ಎಲೆ ತೋಯುವಷ್ಟು ಸಿಂಪಡಿಸಿ, ಬೆಳಿಗ್ಗೆಯ ತನಕ ನೀರು ಬಿಡಬೇಡಿ. ನಾಲ್ಕೈದು ದಿನದಲ್ಲಿ ಬಣ್ಣ ತಿರುಗುತ್ತದೆ. 15 ದಿನ ಬಿಟ್ಟು ಇನ್ನೊಂದು ಸಲ. ಅನ್ನಭೇದಿಯನ್ನು ಮಣ್ಣಿಗೆ ಎರಚುವವರೂ ಇದ್ದಾರೆ. ಕರಿಮಣ್ಣಿನ ಸುಣ್ಣ ಅದನ್ನು ಹಿಡಿದು ಕೂರಿಸಿಬಿಡುತ್ತದೆ, ದುಡ್ಡು ದಂಡ.

ಭತ್ತದಕಣಜ
ಗೊಬ್ಬರದ ವಿಷಯ ಅರ್ಧಕ್ಕೇ ನಿಂತಿದೆ. ಹಸಿರು ಬಂದ ಮೇಲೆ ಸಾರಜನಕ ಕೊಡಿ, ಆದರೆ ಯೂರಿಯಾಕ್ಕಿಂತ ಅಮೋನಿಯಂ ಸಲ್ಫೇಟ್ ಕರಿಮಣ್ಣಿಗೆ ಹೊಂದುತ್ತದೆ, ಗಂಧಕವೂ ಸಿಗುತ್ತದೆ. ಇಡೀ ಲಾನಿಗೆ 600 ಗ್ರಾಂ. ಅದನ್ನು ಮೂರು ಪಟ್ಟು ಒಣ ಮರಳಿನಲ್ಲಿ ಬೆರೆಸಿ ಎರಡು ಪಾಲು ಮಾಡಿ. ಒಂದು ಪಾಲು ಗೇಟಿನಿಂದ ಮನೆ ಕಡೆಗೆ, ಇನ್ನೊಂದು ಪಾಲು ಅಡ್ಡಡ್ಡ. ಎಲೆ ಒಣಗಿರಬೇಕು, ನೆಲ ಹಸಿ ಇರಬೇಕು, ಎರಚಿದ ಕೂಡಲೇ ನೀರು. ಮಧ್ಯಾಹ್ನಕ್ಕೆ ಬಿಟ್ಟರೆ ಕ್ಷಾರ ಮಣ್ಣಿನ ಮೇಲೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಯೂರಿಯಾನೇ ಇದ್ದರೆ 280 ಗ್ರಾಂ, ಉಳಿದದ್ದೆಲ್ಲ ಹೀಗೆಯೇ.

ಏಪ್ರಿಲ್, ಮೇನಲ್ಲಿ ನೀರು ಖಾತ್ರಿ ಇದ್ದವರು ತಿಂಗಳಿಗೊಮ್ಮೆ ಇದನ್ನೇ ಕೊಡಬಹುದು, ಗರಿಕೆ ಬಿಸಿಲಿನ ಹುಲ್ಲು. ಬೋರ್ ಕೈಕೊಡುವ ಅನುಮಾನ ಇದ್ದವರು ಮಾರ್ಚ್‌ನ ಈ ಒಂದು ಸಲಕ್ಕೆ ನಿಲ್ಲಿಸಿ. ಎಲೆ ಬೆಳೆಸಿಬಿಟ್ಟು ನೀರು ಕೊಡದಿದ್ದರೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಪೊಟ್ಯಾಶ್ ಬರ ತಾಳಲು ಸಹಾಯ ಮಾಡುತ್ತದೆ. ಉಪ್ಪು ನೀರಿನವರು ಮ್ಯೂರಿಯೇಟ್ ಬಿಟ್ಟು ಸಲ್ಫೇಟ್ ಆಫ್ ಪೊಟ್ಯಾಶ್ ತೆಗೆದುಕೊಳ್ಳಿ, ಚದರ ಮೀಟರಿಗೆ 5 ಗ್ರಾಂ. ಮ್ಯೂರಿಯೇಟ್‌ನಲ್ಲಿ ಕ್ಲೋರೈಡ್ ಇದೆ, ನಿಮ್ಮ ನೀರಿನಲ್ಲಿ ಅದು ಆಗಲೇ ಸಾಕಷ್ಟಿರುತ್ತದೆ.

ದಾವಣಗೆರೆಯಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಸುಲಭಕ್ಕೆ ಸಿಗುತ್ತದೆ ಅಂತ ಲಾನಿಗೆ ಚೆಲ್ಲುತ್ತಾರೆ. ಬೂದಿ ಕ್ಷಾರ, ಮಣ್ಣೂ ಕ್ಷಾರ. ದಯವಿಟ್ಟು ಬೇಡ.

ಉತ್ತರಾಣಿ
ಯುಗಾದಿಗೆ ಮೊದಲು ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸಿ ಗೊಬ್ಬರ ಮಣ್ಣು ಹೊದಿಸಿದರೆ ಹೊಸ ಚಿಗುರು ಬರುತ್ತದೆ ಅಂತ ಎಲ್ಲ ಮಾಲಿಗಳೂ ಮಾಡುತ್ತಾರಲ್ಲ? ಇಲ್ಲಿ ಯಾರೂ ಅದನ್ನು ಹೇಳಲೇ ಇಲ್ಲ.

ಕೋಟೆನಾಡು
ಕೆಂಪು ಮಣ್ಣಿನಲ್ಲಿ ಈಗ ಬೋಳಿಸಬೇಡಿ ಅನ್ನುವುದೇ ನನ್ನ ಅಭಿಪ್ರಾಯ. ಬೋಳಿಸಿದ ನೆಲಕ್ಕೆ ನೇರ ಬಿಸಿಲು ಬಿದ್ದು ಮೇಲುಮಣ್ಣು ಕಾಯುತ್ತದೆ, ಬುಡದ ಕಣ್ಣುಗಳೇ ಬೇಯುತ್ತವೆ.

ಕರಿಮಣ್ಣು
ಅರ್ಧ ಒಪ್ತೀನಿ. ಗರಿಕೆಯಲ್ಲಿ ಬೋಳಿಸೋದು ತಪ್ಪಲ್ಲ, ಕಾಲ ನೋಡಬೇಕು ಅಷ್ಟೇ. ಫೆಬ್ರವರಿ ಕೊನೇ ವಾರದೊಳಗೆ, ಮುಂದಿನ ಮೂರು ವಾರ ನೀರು ತಪ್ಪದ ಖಾತ್ರಿ ಇದ್ದರೆ ಮಾಡಬಹುದು. ಅದೂ ಯಾಕೆ ಮಾಡ್ತೀವಿ? ಬುಡದಲ್ಲಿ ಒಣಹುಲ್ಲಿನ ಮೆತ್ತೆ ಕಟ್ಟಿದ್ದರೆ ತೆಗೆಯೋಕೆ. ಒಂದು ತುಂಡು ಕತ್ತರಿಸಿ ಪಕ್ಕದಿಂದ ನೋಡಿ, ಹಸಿರಿಗೂ ಮಣ್ಣಿಗೂ ನಡುವಿನ ಕಂದು ಮೆತ್ತೆ ಅರ್ಧ ಇಂಚಿನ ಒಳಗಿದ್ದರೆ ಮುಟ್ಟೋದೇ ಬೇಡ, ಅದು ನೆಲಕ್ಕೆ ನೆರಳು. ದಾಟಿದ್ದರೆ ನೀರು ಮೆತ್ತೆಯಲ್ಲೇ ನಿಲ್ಲುತ್ತೆ. ಈಗ ಮಾರ್ಚ್ ನಡೀತಿದೆ, ಈ ವರ್ಷದ ಬೋಳಿಸೋ ಕಾಲ ಮುಗೀತು. ಇನ್ನು ಮೃಗಶಿರ ಮಳೆ ಹತ್ತಿದ ಮೇಲೆ. ಕೊರಿಯನ್ ಕಾರ್ಪೆಟ್ ಹಾಕಿದವರು ಯಾವಾಗಲೂ ಬೋಳಿಸಬಾರದು, ಅದು ನಿಧಾನದ ಹುಲ್ಲು, ತಿರುಗಿ ಮುಚ್ಚಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು.

ಈಗ ಮಾಡಬೇಕಾದದ್ದು ಅದರ ತದ್ವಿರುದ್ಧ. ಕಟಾವಿನ ಎತ್ತರ ಏರಿಸಬೇಕು. ಚಳಿಗಾಲದಲ್ಲಿ 25 ಮಿ.ಮೀ. ಇಟ್ಟಿದ್ದರೆ ಈಗ 35, ಏಪ್ರಿಲ್‌ಗೆ 40. ಮೂವರ್ ಮೇಲಿನ 1, 2, 3 ಅಂಕೆ ನಂಬಬೇಡಿ. ಪ್ಲಗ್ ಕಿತ್ತು, ಯಂತ್ರವನ್ನು ಸಮತಟ್ಟು ಸಿಮೆಂಟ್ ನೆಲದ ಮೇಲಿಟ್ಟು ಬ್ಲೇಡಿನಿಂದ ನೆಲಕ್ಕೆ ಸ್ಕೇಲ್ ಹಿಡಿಯಿರಿ. ಒಂದು ಕಟಾವಿಗೆ ಎಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೀಬೇಡಿ. ಕತ್ತರಿಸಿದ ಎರಡು ದಿನಕ್ಕೆ ತುದಿ ಬೂದಿ ಬಿಳುಪಾಗಿ ನಾರು ನಾರಾಗಿದ್ದರೆ ಬ್ಲೇಡ್ ಮೊಂಡು. ಸಾಣೆ ಹಿಡಿಸಿ. ಹರಿದ ತುದಿಯಿಂದ ನೀರು ಹೆಚ್ಚು ಆರುತ್ತೆ. ಕತ್ತರಿಸಿದ್ದು ಚಿಕ್ಕ ಚೂರಾಗಿದ್ದರೆ ಅಲ್ಲೇ ಬಿಡಿ, ಗುಡ್ಡೆ ಬಿದ್ದರೆ ಮಾತ್ರ ಗುಡಿಸಿ.

ಉತ್ತರಾಣಿ
ಒಪ್ಪಿದೆ. ಜೇಕಿನ ಕಳೆಗೆ ಏನು ಮಾಡುವುದು? ಕಿತ್ತಷ್ಟೂ ಹುಟ್ಟುತ್ತಿದೆ.

ಚಳ್ಳಕೆರೆ_ಕಾವಲು
ಕಿತ್ತಿದ್ದಕ್ಕೇ ಹುಟ್ಟುತ್ತಿರುವುದು. ಜೇಕು, ಕೆಲವರು ತುಂಗೆ ಅನ್ನುತ್ತಾರೆ, ನೆಲದೊಳಗೆ ಗಡ್ಡೆಗಳ ಸರ. ಮೇಲಿನ ಎಲೆ ಎಳೆದರೆ ಸರ ಹರಿಯುತ್ತದೆ, ಮಲಗಿದ್ದ ಪಕ್ಕದ ಗಡ್ಡೆ ಎದ್ದೇಳುತ್ತದೆ. ನೀರು ಬಿಟ್ಟ ಮರುದಿನ, ಮಣ್ಣು ಹದದಲ್ಲಿದ್ದಾಗ ಕುರ್ಚಿಗಿಯನ್ನು ಪಕ್ಕದಿಂದ ಅರ್ಧ ಅಡಿ ಇಳಿಸಿ ಗಡ್ಡೆ ಸಮೇತ ಎತ್ತಬೇಕು. ಹೊಸ ಮೊಳಕೆ ನಾಲ್ಕೈದು ಎಲೆ ಬಿಡುವುದರೊಳಗೆ ಮತ್ತೆ ಎತ್ತಿ, ಅದು ಹೊಸ ಗಡ್ಡೆ ಕಟ್ಟುವ ಮುಂಚೆ. ಬೇಸರವಿಲ್ಲದೆ ಒಂದು ಬೇಸಿಗೆ ಪೂರ್ತಿ ಮಾಡಿದರೆ ಮಾತ್ರ ಹತೋಟಿ. ಕಿತ್ತದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಬಿಸಿ ಸಿಮೆಂಟ್ ಮೇಲೆ ವಾರ ಒಣಗಿಸಿ.

ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಅನ್ನುವ ಕಳೆನಾಶಕ ಜೇಕನ್ನು ಕೊಂದು ಗರಿಕೆಯನ್ನು ಉಳಿಸುತ್ತದೆ, ನಿಜ. ಅದನ್ನು ಕಬ್ಬು, ಮೆಕ್ಕೆಜೋಳಕ್ಕೆಂದು ಮಾರುತ್ತಾರೆ, ಪ್ರಮಾಣ ಎಕರೆಗೆ 36 ಗ್ರಾಂ. 600 ಚದರಡಿಗೆ ಲೆಕ್ಕ ಹಾಕಿ: ಅರ್ಧ ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಅರ್ಧ ಗ್ರಾಂ ತೂಗಲಾಗದು, ಕಣ್ಣಳತೆಯಲ್ಲಿ ಹಾಕಿದರೆ ನಾಲ್ಕು ಪಟ್ಟಾಗುತ್ತದೆ. ಮನೆ ಲಾನಿಗೆ ಕುರ್ಚಿಗಿಯೇ ಸರಿ. ಅಡುಗೆ ಉಪ್ಪು ಸುರಿಯುವುದಂತೂ ಖಂಡಿತ ಬೇಡ.

ಗೊಬ್ಬರದ ಬಗ್ಗೆ ಒಂದು ಮಾತು. ನಮ್ಮ ಕಡೆ ಕುರಿ ಗೊಬ್ಬರ ಸಿಗುತ್ತದೆ, ಒಳ್ಳೆಯದೇ, ಆದರೆ ಹಸಿಯದನ್ನು ಲಾನಿಗೆ ಹಾಕಿದರೆ ಜಾಲಿ ಬೀಜ, ಮುಳ್ಳುಹುಲ್ಲು, ಗೆದ್ದಲು ಎಲ್ಲವನ್ನೂ ಕರೆದಂತೆ. ಆರು ತಿಂಗಳು ಕಳಿತು ವಾಸನೆ ಹೋಗಿ ಪುಡಿಯಾಗಿರಬೇಕು. ಕೆಂಪು ನೆಲದಲ್ಲಿ ಹುಲ್ಲಿನ ಮೇಲೆ ಮಣ್ಣಿನ ತೆಳು ಪೊರೆ ಕಂಡರೆ ಅದು ಗೆದ್ದಲು. ಒಣ ಮೆತ್ತೆಯೇ ಅದರ ಆಹಾರ, ಕುಂಟೆಯಲ್ಲಿ ಬಾಚಿ ತೆಗೆದು ಆ ಜಾಗವನ್ನು ತೇವ ಇಡಿ, ಅರ್ಧಕ್ಕರ್ಧ ಸಮಸ್ಯೆ ಅಲ್ಲಿಗೆ ಹೋಗುತ್ತದೆ.

ಹಸಿರುಗೆರೆ
ಮೇಲೆ ಚಾಪೆ ಹಾಗೆ ಎದ್ದು ಬಂದರೆ ಅಂದಿರಲ್ಲ, ಅದು ಗೊಣ್ಣೆ ಹುಳುವಿನ ಗುರುತು. ಆದರೆ ಮಾರ್ಚ್‌ನಲ್ಲಿ ಅದಕ್ಕೆ ಔಷಧಿ ಸುರಿಯಬೇಡಿ, ಈಗ ಅದು ಹುಳುವಾಗಿ ಬೇರು ತಿನ್ನುತ್ತಿಲ್ಲ, ದುಂಬಿಯಾಗಿ ಆಳದಲ್ಲಿ ಕೂತಿರುತ್ತದೆ. ಈಗ ಕಾಣುವುದು ಹಿಂದಿನ ಮಳೆಗಾಲದ ಗಾಯ. ಮುಂಗಾರು ಪೂರ್ವದ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ದುಂಬಿಗಳು ಎದ್ದು ಬೇವು, ಜಾಲಿ ಮರಕ್ಕೆ ಮುತ್ತುತ್ತವೆ. ಆ ಒಂದು ವಾರ ಕತ್ತಲಾದ ಮೇಲೆ ಕೊಂಬೆ ಅಲುಗಾಡಿಸಿ ಸೀಮೆಎಣ್ಣೆ ಬೆರೆಸಿದ ನೀರಿನ ತೊಟ್ಟಿಗೆ ಬೀಳಿಸಿ. ಬಲ್ಬ್ ಕೆಳಗೆ ತೊಟ್ಟಿ ಇಟ್ಟರೂ ಬರುತ್ತವೆ. ಮಳೆ ಹಿಡಿದ ಮೇಲೆ ಹುಳುವನ್ನು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರವನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ಹಾಕುವುದಕ್ಕೆ ಅರ್ಥ ಇದೆ, ಒಣ ನೆಲದಲ್ಲಿ ಅದು ಬದುಕುವುದೇ ಇಲ್ಲ.

ವಿದ್ಯಾನಗರ_ಅಂಗಳ
ಸಾಫ್ಟ್‌ನರ್ ನೀರು ಮೂರು ವರ್ಷ ಹೋಗಿದೆಯಲ್ಲ, ಜಿಪ್ಸಂ ಹಾಕಲೇ?

ನೀರಿನಲೆಕ್ಕ
ಪರೀಕ್ಷೆ ಮಾಡಿಸದೆ ಬೇಡ. ಎಂಟು ಹತ್ತು ಕಡೆ ‘ವಿ’ ಆಕಾರದಲ್ಲಿ ಅರ್ಧ ಅಡಿ ಅಗೆದು, ಬದಿಯಿಂದ ಒಂದು ತೆಳು ಹೋಳು ಮಣ್ಣು ತೆಗೆದು, ಎಲ್ಲ ಬೆರೆಸಿ ಅರ್ಧ ಕೆ.ಜಿ. ಉಳಿಸಿ ನೆರಳಿನಲ್ಲಿ ಒಣಗಿಸಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಇದೆ. ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದೆ ಅಂತ ಬಂದರೆ ಚದರ ಮೀಟರಿಗೆ 250 ಗ್ರಾಂ, ನಿಮಗೆ ಒಟ್ಟು 14 ಕೆ.ಜಿ. ಆದರೆ ಈಗಲ್ಲ. ಜಿಪ್ಸಂ ಸೋಡಿಯಂ ಬಿಡಿಸುತ್ತದೆ, ಅದನ್ನು ಕೆಳಗೆ ತೊಳೆದುಕೊಂಡು ಹೋಗಲು ಧಾರಾಳ ನೀರು ಬೇಕು. ಜೂನ್ ಮಳೆಗೆ ಕಾಯಿರಿ.

ಕೋಟೆನಾಡು
ಬೋರ್ ಪೂರ್ತಿ ಕೈಕೊಟ್ಟವರಿಗೆ: ಟ್ಯಾಂಕರ್ ತರಿಸಿ ಕುಡಿಯುವ ನೀರನ್ನು ಹುಲ್ಲಿಗೆ ಹೊಯ್ಯಬೇಡಿ. ಗರಿಕೆಯನ್ನು ಮಲಗಲು ಬಿಡಿ. ಮೇಲೆ ಒಣಹುಲ್ಲಾಗಿ ಕಂಡರೂ ಬುಡದ ಗೆಣ್ಣು, ನೆಲದೊಳಗಿನ ಬಳ್ಳಿಬೇರು ಜೀವ ಹಿಡಿದಿರುತ್ತವೆ. ಎರಡು ಮೂರು ವಾರಕ್ಕೊಮ್ಮೆ 10 ಮಿ.ಮೀ. ಕೊಟ್ಟರೆ ಸಾಕು, ನಿಮ್ಮ ಅಳತೆಗೆ 560 ಲೀಟರ್. ಆ ಅವಧಿಯಲ್ಲಿ ಅದರ ಮೇಲೆ ಓಡಾಟ, ಕ್ರಿಕೆಟ್, ಕಾರು ನಿಲ್ಲಿಸುವುದು ಬೇಡ, ಒಣ ಗೆಣ್ಣು ಮುರಿದರೆ ಮತ್ತೆ ಚಿಗುರದು. ಗೊಬ್ಬರವೂ ಬೇಡ, ಕಟಾವೂ ಬೇಡ. ಭರಣಿಯೋ ಕೃತ್ತಿಕೆಯೋ ಒಂದು ಹದ ಮಳೆ ಬಿದ್ದರೆ ಹತ್ತು ಹದಿನೈದು ದಿನಕ್ಕೆ ಹಸಿರು. ಕೊರಿಯನ್ ಕಾರ್ಪೆಟ್ ಇಷ್ಟು ಧೈರ್ಯದ ಹುಲ್ಲಲ್ಲ, ಅದಕ್ಕೆ ವಾರಕ್ಕೊಮ್ಮೆಯಾದರೂ ನೀರು ಬೇಕು.

ಮಾವು, ಬೇವಿನ ದಟ್ಟ ನೆರಳಿನಲ್ಲಿ ಗರಿಕೆಗೆ ನೀರು ಸುರಿದು ಉಪಯೋಗವಿಲ್ಲ, ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಅಲ್ಲಿ ಅಗಲ ಎಲೆಯ ಬಫೆಲೋ ಹುಲ್ಲು ಮಳೆಗಾಲದಲ್ಲಿ ಹಾಕಿ. ರಸ್ತೆ ಬದಿಯ ಬಿಸಿಲು ಪಟ್ಟಿಗೆ ನೆಲಹಿಪ್ಪಲಿ ಕಮ್ಮಿ ನೀರಿನಲ್ಲೂ ಹರಡುತ್ತದೆ.

ವಿದ್ಯಾನಗರ_ಅಂಗಳ
ಕೊನೆಯದಾಗಿ ಗೇಟಿನ ಹತ್ತಿರದ ಆ ಎರಡು ಮಚ್ಚೆ. ಈಗಲೇ ಅಗೆಯಲೇ, ಮಳೆಗಾಲಕ್ಕೆ ಬಿಡಲೇ?

ಕರಿಮಣ್ಣು
ಅಗೆಯೋದು ಈಗ, ದೊಡ್ಡದಿದ್ದರೆ ನೆಡೋದು ಮಳೆಗೆ. ಮಚ್ಚೆ ಒಂದೊಂದು ಎರಡು ಅಡಿಯೊಳಗೆ ಇದ್ದರೆ ಎರಡೂ ಈಗಲೇ ಮಾಡಬಹುದು. ಒಂದು ಅಡಿ ಆಳ ತೆಗೆದು ಕಲ್ಲು, ಇಟ್ಟಿಗೆ ಎಲ್ಲ ಹೊರಗೆ ಹಾಕಿ. ತುಂಬೋಕೆ ಅಲ್ಲಿನದೇ ಕರಿಮಣ್ಣು ಎರಡು ಪಾಲು, ಕಳಿತ ಗೊಬ್ಬರ ಒಂದು ಪಾಲು. ಎಂ-ಸ್ಯಾಂಡ್ ಬೆರೆಸಬೇಡಿ, ಅದರ ಹುಡಿ ಜೇಡಿ ಜೊತೆ ಸೇರಿ ಇಟ್ಟಿಗೆ ಹಾಗೆ ಗಟ್ಟಿಯಾಗುತ್ತೆ. ನಾಲ್ಕು ಇಂಚಿಗೊಮ್ಮೆ ಕಾಲಲ್ಲಿ ಹಗುರಾಗಿ ತುಳಿದು, ನೀರು ಬಿಟ್ಟು ಎರಡು ದಿನ ಕೂರಲು ಬಿಡಿ. ಕುಸಿದರೆ ಮತ್ತೆ ತುಂಬಿ ಮಟ್ಟ ಮಾಡಿ.

ಆಮೇಲೆ ಲಾನಿನ ಚೆನ್ನಾಗಿರೋ ಅಂಚಿನಿಂದ ಅಂಗೈ ಅಗಲದ ತುಂಡುಗಳನ್ನ ಮೂರು ಇಂಚು ಮಣ್ಣಿನ ಸಮೇತ ಎತ್ತಿ, ನಡುವೆ ನಾಲ್ಕು ನಾಲ್ಕು ಇಂಚು ಬಿಟ್ಟು ಕೂರಿಸಿ, ಸುತ್ತ ಮಣ್ಣು ಒತ್ತಿ. ಸಂಜೆ ಹೊತ್ತಲ್ಲೇ ಮಾಡ್ರಿ. ಹತ್ತು ದಿನ ಆ ಜಾಗಕ್ಕೆ ಮಾತ್ರ ಬೆಳಿಗ್ಗೆ ಸಂಜೆ ಒಂದೊಂದು ಕೊಡ ನೀರು, ಮೇಲೆ ಹಳೇ ಗೋಣಿಚೀಲ ನಾಲ್ಕು ಗೂಟಕ್ಕೆ ಕಟ್ಟಿ ಒಂದಡಿ ಎತ್ತರಕ್ಕೆ ಮಧ್ಯಾಹ್ನದ ನೆರಳು. ತುಂಡು ಎಳೆದು ನೋಡಿದಾಗ ಅಲುಗಾಡದಿದ್ದರೆ ಬೇರು ಹಿಡಿದಿದೆ, ಗೋಣಿ ತೆಗೀರಿ. ತುಂಡು ಎತ್ತಿದ ಗುಳಿಗೂ ಅದೇ ಮಿಶ್ರಣ ತುಂಬೋದು ಮರೀಬೇಡಿ, ಇಲ್ಲಾಂದ್ರೆ ಅಂಚು ಒಣಗುತ್ತೆ.